ರಾಜೀನಾಮೆ ಬೇರೆ, ವಜಾ ಬೇರೆ

ಗೇರುಬೀಜದ ಕಾರ್ಖಾನೆಗೆ ಅರ್ಧ ಗಂಟೆ ತಡವಾಗಿ ಬಂದ ಕೆಲಸಗಾರನಿಗೆ ಮೆಮೋ ಉಂಟು. ತಪ್ಪು ದೊಡ್ಡದಾದರೆ ಆರೋಪಪಟ್ಟಿ ಉಂಟು, ವಿಚಾರಣೆ ಉಂಟು, ಕೊನೆಗೆ ವಜಾ ಉಂಟು. ಕ್ರೀಡಾಸಂಸ್ಥೆಯ ಗಾದಿಯಲ್ಲಿ ಕುಳಿತವರ ಕಾಲದಲ್ಲಿ ಜನ ಸತ್ತರೆ ಅವರಿಗೆ ಇರುವ ನಿಯಮ ಯಾವುದು?

೨೦೨೫ರ ಜೂನ್ ೪ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನಡೆದ ನೂಕುನುಗ್ಗಲನ್ನು ನಾವು ಮರೆತಿಲ್ಲ. ಹಿಂದಿನ ರಾತ್ರಿ ಆರ್.ಸಿ.ಬಿ. ತಂಡ ಮೊದಲ ಬಾರಿಗೆ ಐ.ಪಿ.ಎಲ್. ಕಪ್ ಗೆದ್ದಿತ್ತು. ಸುಮಾರು ೩೫ ಸಾವಿರ ಜನ ಹಿಡಿಯುವ ಜಾಗಕ್ಕೆ ಎರಡು ಲಕ್ಷಕ್ಕೂ ಮೀರಿ ಜನ ಬಂದರೆಂದು ಸರಕಾರವೇ ಹೇಳಿತು. ೧೧ ಮಂದಿ ಸತ್ತರು. ಎಲ್ಲರೂ ಎಳೆಯ ಪ್ರಾಯದವರು. ಅವರಲ್ಲಿ ವಿದ್ಯಾರ್ಥಿಗಳೂ ಇದ್ದರು. ಹೊಟ್ಟೆಪಾಡಿಗಾಗಿ, ಓದಿಗಾಗಿ ಬೆಂಗಳೂರು ಸೇರಿದ ಮಕ್ಕಳು ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಮನೆಯಲ್ಲೂ ಇದ್ದಾರೆ. ಆ ಸಂಜೆ ಇಲ್ಲಿಯ ತಾಯಂದಿರ ಜೀವವೂ ಕೈಯಲ್ಲಿತ್ತು.

ಮರುದಿನ ಪೊಲೀಸ್ ಕಮಿಷನರರೂ ಸೇರಿ ಹಲವು ಪೊಲೀಸ್ ಅಧಿಕಾರಿಗಳು ಅಮಾನತಾದರು. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿ ಎ. ಶಂಕರ್ ಮತ್ತು ಖಜಾಂಚಿ ಇ. ಎಸ್. ಜೈರಾಮ್ ಅವರು, ತಮ್ಮ ಪಾತ್ರ ಸಣ್ಣದಾದರೂ ನೈತಿಕ ಹೊಣೆ ಹೊರುವೆವೆಂದು ತಾವೇ ರಾಜೀನಾಮೆ ಕೊಟ್ಟರು. ಮುಂದೆ ನ್ಯಾಯಮೂರ್ತಿ ಮೈಕೆಲ್ ಡಿ'ಕುನ್ಹ ಆಯೋಗವು ಕ್ರಿಕೆಟ್ ಸಂಸ್ಥೆ, ಆರ್.ಸಿ.ಬಿ., ಕಾರ್ಯಕ್ರಮದ ಗುತ್ತಿಗೆದಾರರು, ಪೊಲೀಸರು ಎಲ್ಲರಲ್ಲೂ ತಪ್ಪು ಕಂಡಿತು. ಡಿಸೆಂಬರಿನಲ್ಲಿ ಸಂಸ್ಥೆಯ ಚುನಾವಣೆಯೂ ಆಯಿತು.

ರಾಜೀನಾಮೆ ಕೊಟ್ಟುದು ಮರ್ಯಾದೆಯ ಕೆಲಸವೇ. ಅದನ್ನು ನಾವು ಹೀಗಳೆಯುವುದಿಲ್ಲ. ಆದರೆ ರಾಜೀನಾಮೆ ಬೇರೆ, ವಜಾ ಬೇರೆ. ರಾಜೀನಾಮೆ ಕೊಟ್ಟವನು ತನ್ನ ಶಿಕ್ಷೆಯನ್ನು ತಾನೇ ಬರೆದುಕೊಂಡು ಮನೆಗೆ ಹೋಗುತ್ತಾನೆ. ವಜಾ ಆಗಬೇಕಾದರೆ ಸದಸ್ಯರು ಸಭೆ ಸೇರಬೇಕು, ಆರೋಪ ಓದಬೇಕು, ಅವನ ಉತ್ತರ ಕೇಳಬೇಕು, ತೀರ್ಪನ್ನು ಊರಿಗೆ ತಿಳಿಸಬೇಕು. ತಪ್ಪಿಲ್ಲದವನಿಗೂ ಅದರಲ್ಲೇ ನ್ಯಾಯ. ಕೂಲಿಯಾಳಿಗೆ ಸಲ್ಲುವ ವಿಚಾರಣೆ ಅಧ್ಯಕ್ಷರಿಗೂ ಸಲ್ಲಲಿ. ನಾವು ಕೇಳುವುದು ಇಷ್ಟೇ: ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಕೆಲವರು ಹೇಳುತ್ತಾರೆ: ಇವರು ಸಂಬಳವಿಲ್ಲದ ಸೇವಕರು, ಕಾರ್ಯಕ್ರಮ ಬೇರೆಯವರದು ಎಂದು. ಪೇಟೆಯ ನಮ್ಮ ಅಂಗಡಿಕಾರ ಬಂಧುಗಳನ್ನು ಕೇಳಿ ನೋಡಿ. ಜಗಲಿಯನ್ನು ಬೇರೆಯವನಿಗೆ ಬಿಟ್ಟುಕೊಟ್ಟರೂ ಲೈಸೆನ್ಸು ಯಾರ ಹೆಸರಿನಲ್ಲಿದೆಯೋ ಅವನೇ ಉತ್ತರ ಹೇಳಬೇಕು. ಕೋಟೇಶ್ವರದ ಕೊಡಿ ಹಬ್ಬಕ್ಕೆ ಸಾವಿರಾರು ಜನ ಸೇರುತ್ತಾರೆ. ತೇರು ಹೊರಡುವ ಮೊದಲು ದಾರಿ ಬಿಡಿಸಬೇಕೆಂಬುದು ಅಲ್ಲಿಯ ಹುಡುಗರಿಗೂ ಗೊತ್ತು. ಕೋಟಿಗಟ್ಟಲೆ ವ್ಯವಹಾರದ ಸಂಸ್ಥೆಗೆ ಅದು ಗೊತ್ತಿಲ್ಲವೆಂದರೆ ಯಾರು ನಂಬುತ್ತಾರೆ?

ಪಂದ್ಯ ಸೋತಿತೆಂದು ಯಾರನ್ನೂ ವಜಾ ಮಾಡಬೇಕಾಗಿಲ್ಲ. ವಂಡ್ಸೆ ಕಡೆಯ ಲಾರಿ ಡ್ರೈವರರ ಮಗ ಗುರುರಾಜ ಪೂಜಾರಿ ೨೦೧೮ರ ಕಾಮನ್‌ವೆಲ್ತ್ ಕೂಟದಲ್ಲಿ ಭಾರ ಎತ್ತಿ ಬೆಳ್ಳಿ ತಂದರು, ೨೦೨೨ರಲ್ಲಿ ಕಂಚು ತಂದರು. ಬಂಗಾರವಲ್ಲವೆಂದು ಊರು ಯಾರನ್ನೂ ದೂರಲಿಲ್ಲ. ಪದಕದ ಬಣ್ಣ ಪದಾಧಿಕಾರಿಯನ್ನು ಅಳೆಯುವ ಕೋಲಲ್ಲ. ಆಡುವವರ, ನೋಡಲು ಬಂದವರ ಜೀವವನ್ನು ಕಾಯ್ದನೇ, ಲೆಕ್ಕವನ್ನು ಬಿಚ್ಚಿಟ್ಟನೇ ಎಂಬುದೇ ಕೋಲು. ಅದರಲ್ಲಿ ತಪ್ಪಿದನೆಂದು ವಿಚಾರಣೆಯಲ್ಲಿ ಸಿದ್ಧವಾದರೆ ಅವನು ವಜಾಕ್ಕೆ ಅರ್ಹ. ಅವನು ಮತ್ತೆ ಚುನಾವಣೆಗೆ ನಿಲ್ಲಲೂ ಬಾರದು.

೨೦೨೫ರಲ್ಲಿ ಪಾರ್ಲಿಮೆಂಟು ಕ್ರೀಡಾ ಆಡಳಿತದ ಕಾನೂನು ತಂದಿತು. ಮಂಡಳಿ, ನ್ಯಾಯಮಂಡಳಿ ಎರಡನ್ನೂ ಅದರಲ್ಲಿ ಹೇಳಿದೆ. ಆದರೆ ಸರಕಾರದ ಹಣ ಪಡೆಯದ ಸಂಸ್ಥೆಗಳನ್ನು ಮಾಹಿತಿ ಹಕ್ಕಿನಿಂದ ಹೊರಗಿಟ್ಟಿತು. ಶ್ರೀಮಂತ ಸಂಸ್ಥೆಗೆ ಇದೊಂದು ಹಿಂಬಾಗಿಲು. ಅದನ್ನು ಮುಚ್ಚಬೇಕು.

ದೊಡ್ಡ ಊರಿನ ಮಾತಾಯಿತು. ನಮ್ಮ ಮೂರು ತಾಲೂಕುಗಳ ಕಾಲೇಜು ಪಂದ್ಯಾಟದ ಸಮಿತಿಗಳೂ ಇದೇ ನಿಯಮವನ್ನು ಈಗಲೇ ಬರೆದಿಡಲಿ: ಬಾಗಿಲು ಕಾಯುವ ಹೊಣೆ ಯಾರದು, ತಪ್ಪಿದರೆ ವಿಚಾರಿಸುವವರು ಯಾರು ಎಂದು. ಹೆಣ ಬಿದ್ದ ಮೇಲೆ ಹೊಣೆಗಾರನನ್ನು ಹುಡುಕುವ ಚಾಳಿ ನಿಲ್ಲಲಿ.