ಗಾಂಧಿ ಬಜಾರಿನ ರೀಲ್ಸ್‌ನಲ್ಲಿ ಕಾಣೋರಿಗೆ ಜಾಗ ಎಲ್ಲಿ?

ಭಾನುವಾರ ಬೆಳಗ್ಗೆ ನ್ಯಾಷನಲ್ ಕಾಲೇಜ್ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದು ಸ್ವಲ್ಪ ದೂರ ನಡೆದರೆ ಗಾಂಧಿ ಬಜಾರು. 1943ರಿಂದ ಇರುವ ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ಕಾಯೋ ಜನ, ಮಲ್ಲಿಗೆ ರಾಶಿ, ಬಾಳೆಎಲೆ ಕಟ್ಟು, ಚಳಿಗಾಲವಾದರೆ ಸೊಗಡವರೆ. ಒಳ್ಳೆಯ ರೀಲ್‌ಗೆ ಇನ್ನೇನು ಬೇಕು?

1898ರ ಪ್ಲೇಗ್ ಹೊತ್ತಲ್ಲಿ ಹುಟ್ಟಿದ ಬಡಾವಣೆ ಬಸವನಗುಡಿ. ಡಿವಿಜಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇಲ್ಲೇ ಹತ್ತಿರದಲ್ಲಿದೆ. ನಿಸಾರ್ ಅಹಮದ್ ತಮ್ಮ ಮೊದಲ ಕವನ ಸಂಕಲನಕ್ಕೆ ಇಟ್ಟ ಹೆಸರೇ ‘ಮನಸು ಗಾಂಧಿಬಜಾರು’. ಹಾಗಾಗಿ ‘ಸಂಸ್ಕೃತಿ’ ಅನ್ನೋ ಪದ ಇಲ್ಲಿ ಸುಲಭವಾಗಿ ಬಾಯಿಗೆ ಬರುತ್ತೆ. ಆದರೆ ಆ ಸಂಸ್ಕೃತಿಯ ಲೆಕ್ಕದಲ್ಲಿ ಫುಟ್‌ಪಾತ್ ಮೇಲೆ ಕೂತವರು ಬರೋದಿಲ್ಲ.

ಮೊನ್ನೆ ಹೂ ಕೊಳ್ಳುವಾಗ, "ಎಷ್ಟು ವರ್ಷದಿಂದ ಇದ್ದೀರಮ್ಮ?" ಅಂತ ಕೇಳಿದೆ. "ನಮ್ಮತ್ತೆ ಕಾಲದಿಂದ ಕಣಪ್ಪ. ಎದ್ದೋಗಿ ಅನ್ನೋರು ಮಾತ್ರ ಬದಲಾಗ್ತಾ ಇರ್ತಾರೆ" ಅಂದರು.

ಅವರಿಗೆ ಹಾಗೆ ಹೇಳೋಕೆ ಆಗಬಾರದು ಅಂತಾನೇ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಬಂದಿದ್ದು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40% ಸದಸ್ಯರು ವ್ಯಾಪಾರಿಗಳೇ ಆರಿಸಿ ಕಳಿಸಿದ ವ್ಯಾಪಾರಿಗಳಾಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. 50 ವರ್ಷಕ್ಕೂ ಹಳೆಯದಾದ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿನವರನ್ನು ಸ್ಥಳಾಂತರಿಸಬಾರದು. ಅಂದರೆ ಕಾನೂನಿನ ಕಣ್ಣಲ್ಲಿ ಪರಂಪರೆ ಅನ್ನೋದು ಕಟ್ಟಡಕ್ಕಷ್ಟೇ ಸೀಮಿತವಲ್ಲ, ಬುಟ್ಟಿಗೂ ಅದು ಸಲ್ಲುತ್ತೆ.

"ಹಾಗಾದ್ರೆ ನಡೆಯೋರು ಎಲ್ಲಿ ನಡೀಬೇಕು?" ಪ್ರಶ್ನೆ ನ್ಯಾಯವಾದದ್ದೇ. ವೀಲ್‌ಚೇರ್‌ನಲ್ಲಿ ಬರುವವರಿಗೆ, ವಯಸ್ಸಾದವರಿಗೆ ಫುಟ್‌ಪಾತ್ ಬೇಕೇ ಬೇಕು. ಆದರೆ ಎಂಜಿನಿಯರಿಂಗ್ ಓದಿದವನಾಗಿ ಒಂದು ಸಣ್ಣ ಲೆಕ್ಕ ಹೇಳ್ತೀನಿ. ಒಂದು ಕಾರು ನಿಲ್ಲೋಕೆ ಸುಮಾರು 12 ಚದರ ಮೀಟರ್ ಜಾಗ ಬೇಕು. ಹೂ ಮಾರೋರಿಗೆ 2 ಚದರ ಮೀಟರ್ ಸಿಕ್ಕರೆ ಧಾರಾಳ. ಆದರೂ ‘ಒತ್ತುವರಿ’ ಅನ್ನೋ ಪದ ನಮಗೆ ನೆನಪಾಗೋದು ಬುಟ್ಟಿ ನೋಡಿದಾಗ, ದಿನವಿಡೀ ನಿಂತ ಕಾರು ನೋಡಿದಾಗಲ್ಲ. ರಸ್ತೆಯ ನಕ್ಷೆ ಬರೆಯುವಾಗಲೇ ವ್ಯಾಪಾರಿಗೂ ಒಂದು ಗೆರೆ ಎಳೆದರೆ ಮುಂದೆ ಎಬ್ಬಿಸೋ ಪ್ರಶ್ನೆಯೇ ಬರಲ್ಲ. ಇಲ್ಲಿ ಕೊರತೆ ಇರೋದು ಜಾಗದ್ದಲ್ಲ. ಜಾಗ ಯಾರಿಗೆ ಅನ್ನೋ ತೀರ್ಮಾನ ಮಾಡುವ ಕಡೆ ಅವರಿಗೆ ಕುರ್ಚಿ ಇಲ್ಲ.

ನಮಗಾದರೂ ಎಲ್ಲಿತ್ತು? 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದ ಮೇಲೆ ಈ ಊರು ವರ್ಷಗಟ್ಟಲೆ ಕಾರ್ಪೊರೇಟರ್‌ಗಳಿಲ್ಲದೆ, ಅಧಿಕಾರಿಗಳ ಕೈಯಲ್ಲೇ ನಡೆಯಿತು. 2025ರಲ್ಲಿ ಬಿಬಿಎಂಪಿ ಹೋಗಿ ಜಿಬಿಎ, ಅದರ ಕೆಳಗೆ ಐದು ಪಾಲಿಕೆಗಳು ಬಂದವು. ಬೋರ್ಡ್ ಬದಲಾದ ಮಾತ್ರಕ್ಕೆ ಬೀದಿಯ ನ್ಯಾಯ ಬದಲಾಗಲ್ಲ.

ಕಾರ್ತಿಕದ ಕೊನೇ ಸೋಮವಾರ ಕಡಲೆಕಾಯಿ ಪರಿಷೆಗೆ ಬಸವನಗುಡಿ ತುಂಬಿಹೋಗುತ್ತೆ. ಅವತ್ತು ಬೀದಿ ವ್ಯಾಪಾರವೇ ಹಬ್ಬ, ಯಾರೂ ಒತ್ತುವರಿ ಅನ್ನಲ್ಲ. ಉಳಿದ ದಿನಗಳಿಗೂ ಆ ಮಾತು ಅನ್ವಯ ಆಗಬೇಕಾದರೆ, ಓಟು ಕೇಳೋಕೆ ಬಂದವರನ್ನ ನಾವು ಒಂದೇ ಪ್ರಶ್ನೆ ಕೇಳಬೇಕು: ನಮ್ಮ ವಾರ್ಡಿನಲ್ಲಿ ವ್ಯಾಪಾರಿಗಳ ಸಮೀಕ್ಷೆ ಆಗಿದೆಯಾ, ಸಮಿತಿ ಕೊನೇ ಸಲ ಸೇರಿದ್ದು ಯಾವಾಗ?

ರೀಲ್ ಮಾಡಿ, ಬೇಡ ಅನ್ನಲ್ಲ. ಹಾಗೇ ಈ ಪ್ರಶ್ನೆನೂ ಕೇಳಿ.