ದಿವಾಳಿಯಾದ ಸಾಲಗಾರನೂ ಜಾಮೀನು ನಿಂತವನೂ

ನೆರೆಯವನ ಸಾಲಪತ್ರಕ್ಕೆ ಜಾಮೀನು ನಿಲ್ಲುವುದು ಈ ನಾಡಿನ ಗ್ರಾಮಗಳಲ್ಲಿ ಬಹುಕಾಲದಿಂದ ನಡೆದುಬಂದ ಉಪಕಾರವು. ಊರಿನ ಯಜಮಾನರಿಗೂ ಜಮೀನುದಾರರಿಗೂ ಈ ಕೋರಿಕೆಯನ್ನು ನಿರಾಕರಿಸುವುದು ಕಷ್ಟ. "ಹೆಸರಿಗೆ ಮಾತ್ರ ಒಂದು ರುಜು" ಎಂಬ ಮಾತನ್ನು ನಂಬಿ, ಪತ್ರವನ್ನು ಓದಿ ನೋಡದೆಯೇ ರುಜು ಹಾಕಿದವರೂ ಉಂಟು. ಮುಂದೆ ಸಾಲಗಾರನು ನ್ಯಾಯಾಲಯಕ್ಕೆ ಹೋಗಿ ದಿವಾಳಿಯೆಂದು ತೀರ್ಮಾನ ಪಡೆದರೆ, ಅವನ ಸಾಲದೊಡನೆ ತಮ್ಮ ಹೊಣೆಯೂ ತೀರಿತೆಂದು ಇಂಥವರು ನಿಶ್ಚಿಂತರಾಗಿರುತ್ತಾರೆ. ಈ ಭಾವನೆಯು ತಪ್ಪು. ಹೊಲಗದ್ದೆಗಳನ್ನು ಕಳೆದುಕೊಳ್ಳುವುದಕ್ಕೆ ಇದೇ ಕಾರಣವಾಗಬಹುದು.

1872ನೆಯ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಬಗೆಯಾಗಿ ಬರೆದಿಲ್ಲದಿದ್ದರೆ, ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ಆಗಿರುತ್ತದೆ. ಮೊದಲು ಸಾಲಗಾರನನ್ನು ಹಿಡಿದು, ಅವನಲ್ಲಿ ಏನೂ ದೊರೆಯದಿದ್ದ ಮೇಲೆಯೇ ಜಾಮೀನುದಾರನ ಬಳಿಗೆ ಬರಬೇಕೆಂಬ ನಿಯಮವಿಲ್ಲ. ದಿವಾಳಿಯ ವಿಷಯದಲ್ಲಿಯಂತೂ 1920ನೆಯ ಪ್ರಾಂತೀಯ ದಿವಾಳಿ ಕಾಯಿದೆಯ 44ನೆಯ ಕಲಮು ಸ್ಪಷ್ಟವಾಗಿದೆ. ನ್ಯಾಯಾಲಯವು ಕೊಡುವ ಋಣವಿಮೋಚನೆಯ ಆಜ್ಞೆಯು, ಕೆಲವು ಬಗೆಯ ಸಾಲಗಳನ್ನುಳಿದು, ದಿವಾಳಿಯಾದವನನ್ನು ಬಿಡಿಸುತ್ತದೆ. ಅವನೊಡನೆ ಕೂಡಿ ಬದ್ಧನಾದವನನ್ನಾಗಲಿ ಅವನ ಜಾಮೀನುದಾರನನ್ನಾಗಲಿ ಬಿಡಿಸುವುದಿಲ್ಲ. ಕಂಪೆನಿಗಳ ಸಾಲಕ್ಕೆ ಜಾಮೀನು ನಿಂತವರಿಗೂ, 2016ನೆಯ ದಿವಾಳಿ ಸಂಹಿತೆಯಡಿಯಲ್ಲಿ, ತಾನಾಗಿಯೇ ಬಿಡುಗಡೆ ದೊರೆಯುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ತೀರ್ಮಾನಿಸಿದೆ.

ಒಂದು ಉದಾಹರಣೆಯಿಂದ ಇದು ವಿಶದವಾಗುವುದು. ಒಬ್ಬ ರೈತನು 2,00,000 ರೂಪಾಯಿ ಸಾಲ ತೆಗೆದನೆಂದೂ ಇಬ್ಬರು ಜಾಮೀನು ನಿಂತರೆಂದೂ ಭಾವಿಸಬಹುದು. ಅವನು ದಿವಾಳಿಯಾಗಿ, ಅವನ ಆಸ್ತಿಯಿಂದ ಈ ಸಾಲಕ್ಕೆ 50,000 ರೂಪಾಯಿ ಮಾತ್ರ ಸಂದಿತು. ಬಡ್ಡಿಯ ಮಾತು ಹಾಗಿರಲಿ, ಉಳಿದ 1,50,000 ರೂಪಾಯಿಗಳನ್ನೂ ಸಾಲಕೊಟ್ಟವರು ಇಬ್ಬರಲ್ಲಿ ಒಬ್ಬನಿಂದಲೇ ವಸೂಲು ಮಾಡಬಹುದು. ಕೊಟ್ಟವನು 146ನೆಯ ಕಲಮಿನಂತೆ ಮತ್ತೊಬ್ಬನಿಂದ 75,000 ರೂಪಾಯಿ ಕೇಳಬಹುದು. ಆದರೆ ಆ ಮತ್ತೊಬ್ಬನು ನಿರ್ಗತಿಕನಾದರೆ ಪೂರ್ತಿ ಭಾರವು ಇವನದೇ. ಡಿಕ್ರಿಯಾದಲ್ಲಿ ನೇಗಿಲು, ಜೀವನಕ್ಕೆ ಅವಶ್ಯವಾದ ಎತ್ತು, ಬಿತ್ತನೆಯ ಕಾಳು ಇವುಗಳಿಗೆ 1908ನೆಯ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಜಪ್ತಿಯಿಂದ ರಕ್ಷಣೆ ಕೊಡುತ್ತದೆ. ಉಳುವ ಹೊಲಕ್ಕೆ ಆ ರಕ್ಷಣೆಯಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತೆಂದು ಇದನ್ನು ಕೆಲವರು ದೂರುವುದುಂಟು. ಆ ದೂರು ಸರಿಯಲ್ಲ. ಸಾಲಗಾರನು ಕೈಸೋತ ದಿನಕ್ಕಾಗಿಯೇ ಜಾಮೀನನ್ನು ಪಡೆಯುವುದು. ಆ ದಿನವೇ ಜಾಮೀನು ಬಿದ್ದುಹೋಗುವುದಾದರೆ, ಅಡವಿಡಲು ಭೂಮಿಯಿಲ್ಲದ ಬಡ ರೈತನಿಗೆ ಯಾವ ಸಹಕಾರ ಸಂಘವೂ ಸಾಲ ಕೊಡಲಾರದು. ಕಾಯಿದೆಯಲ್ಲಿ ಅನ್ಯಾಯವಿಲ್ಲ, ವಿಚಾರಿಸದೆ ರುಜು ಹಾಕುವುದರಲ್ಲಿಯೂ, ಕೈಸೋತ ಸಂಗತಿಯನ್ನು ಸಾಲಗಾರನು ತನ್ನ ಜಾಮೀನುದಾರನಿಂದ ಮರೆಮಾಡುವುದರಲ್ಲಿಯೂ ದೋಷವಿದೆ.

ಆದಕಾರಣ ರುಜು ಹಾಕುವವರು ಆ ಸಾಲವನ್ನು ತಮ್ಮದೇ ಎಂದೆಣಿಸಿ, ತಾವು ತೀರಿಸಬಲ್ಲಷ್ಟಕ್ಕೆ ಮಾತ್ರ ಒಪ್ಪತಕ್ಕದ್ದು. ತಮ್ಮ ಹೊಣೆ ಇಂತಿಷ್ಟು ರೂಪಾಯಿಗೆ ಮಾತ್ರವೆಂದು ಪತ್ರದಲ್ಲಿಯೇ ಬರೆಯಿಸತಕ್ಕದ್ದು. ಸಾಲಗಾರನು ದಿವಾಳಿ ಅರ್ಜಿ ಕೊಟ್ಟನೆಂದು ತಿಳಿದೊಡನೆ ವಕೀಲರನ್ನು ಕಂಡು, ತಮಗೆ ಬರಬೇಕಾಗಬಹುದಾದ ಹಣದ ಹಕ್ಕನ್ನು ನ್ಯಾಯಾಲಯದಲ್ಲಿ ದಾಖಲು ಮಾಡಿಸಬೇಕು. ಸಾಲ ತೀರಿಸಿದ ಜಾಮೀನುದಾರನು ಸಾಲಕೊಟ್ಟವರ ಹಕ್ಕುಗಳನ್ನು ಪಡೆಯುತ್ತಾನೆ, ನಿಜ. ಆದರೆ ಋಣವಿಮೋಚನೆಯಾದ ಮೇಲೆ ಎಚ್ಚೆತ್ತರೆ ಸಾಲಗಾರನಿಂದ ವಸೂಲು ಮಾಡುವ ದಾರಿಯು ಬಹುಮಟ್ಟಿಗೆ ಮುಚ್ಚಿಹೋಗಿರುತ್ತದೆ.

ಶಕ್ತಿಮೀರಿದ ಜಾಮೀನನ್ನು ಒಲ್ಲೆನೆನ್ನುವುದು ನಿರ್ದಯೆಯಲ್ಲ. ಕೈಲಾದಷ್ಟು ಬಿತ್ತನೆಯ ಕಾಳನ್ನೋ ಹಣವನ್ನೋ ನೇರವಾಗಿ ಕೊಟ್ಟವನ ಉಪಕಾರಕ್ಕೆ ಒಂದು ಮಿತಿಯುಂಟು. ಓದದೆ ಹಾಕಿದ ರುಜುವಿಗೆ ಮಿತಿಯಿಲ್ಲ. ಈ ಸಂಗತಿಯನ್ನು ಊರಿನ ಯಜಮಾನರು ತಾವು ತಿಳಿದು, ಸಾಲಪತ್ರವು ಬರೆಯಲ್ಪಡುವ ಮೊದಲೇ ಇತರರಿಗೂ ತಿಳಿಸಿದರೆ, ಎಷ್ಟೋ ಮನೆಗಳ ಭೂಮಿಯು ಉಳಿಯುವುದು.