ಬೊಜ್ಜಿಗೆ ಕತ್ತಿಯೊಂದೇ ಮದ್ದೇ?

2022ರ ಮೇ ತಿಂಗಳಿನಲ್ಲಿ ಕನ್ನಡದ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ತೀರಿಕೊಂಡರು. ವಯಸ್ಸು 21. ಬೊಜ್ಜು ತೆಗೆಸುವ ಶಸ್ತ್ರಕ್ರಿಯೆಗೆಂದು ಖಾಸಗಿ ಚಿಕಿತ್ಸಾಲಯಕ್ಕೆ ಹೋದವರು ಮನೆಗೆ ಮರಳಲಿಲ್ಲ. 2024ರ ಏಪ್ರಿಲ್‌ನಲ್ಲಿ ಪುದುಚೇರಿಯ ತರುಣರೊಬ್ಬರು ಚೆನ್ನೈಯ ಆಸ್ಪತ್ರೆಯೊಂದರಲ್ಲಿ ತೂಕ ಇಳಿಸುವ ಶಸ್ತ್ರಕ್ರಿಯೆಯ ವೇಳೆ ಅಸುನೀಗಿದರು. ತಮಿಳುನಾಡು ಸರಕಾರ ತನಿಖೆ ನಡೆಸಿತು.

ಇಂತಹ ಸುದ್ದಿ ಬಂದಾಗ ನಮ್ಮ ಜನ ಎರಡು ಮಾತು ಆಡುವುದುಂಟು. ‘ಚಂದದ ಹುಚ್ಚು’ ಎಂಬುದು ಒಂದು. ‘ದುಡ್ಡಿದ್ದವರ ಸಮಾಚಾರ, ನಮಗೇನು’ ಎಂಬುದು ಇನ್ನೊಂದು. ಎರಡೂ ತಪ್ಪೆಂದು ನಮ್ಮ ಅಭಿಪ್ರಾಯ.

ತೂಕದ ರೋಗ ಈಗ ಧಣಿಗಳ ಮನೆಯದು ಮಾತ್ರವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿಯ ತೂಕ ಮಿತಿ ಮೀರಿದೆ. ಗಂಡಸರ ಲೆಕ್ಕವೂ ಅಷ್ಟೇ. ಅದೇ ಸಮೀಕ್ಷೆಯಲ್ಲಿ ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ರಕ್ತಹೀನತೆಯೂ ಇದೆ. ಹೊಟ್ಟೆ ತುಂಬಿದರೂ ದೇಹಕ್ಕೆ ಬೇಕಾದುದು ಸಿಕ್ಕಿಲ್ಲವೆಂದೇ ಇದರ ಅರ್ಥ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಹಳ್ಳಿಗಳಲ್ಲಿ ಬೀಡಿ ಕಟ್ಟುವ ತಾಯಂದಿರನ್ನು ನೋಡಿ. ಸಾವಿರ ಬೀಡಿಗೆ ಇಷ್ಟು ಎಂಬ ಕೂಲಿಗೆ ಬೆಳಗಿನಿಂದ ಬೈಗಿನ ತನಕ ಕುಳಿತಲ್ಲೇ ಕುಳಿತಿರಬೇಕು. ಎದ್ದು ನಡೆದರೆ ಕೂಲಿ ಕಡಿಮೆ. ಊಟವೆಂದರೆ ರಾಶಿ ಅನ್ನ, ಚೂರು ಸಾರು. ನಲವತ್ತು ದಾಟುವಷ್ಟರಲ್ಲಿ ಮೈಯೂ ಭಾರ, ಸಕ್ಕರೆ ಕಾಯಿಲೆಯೂ ಜೊತೆಗೆ. ಇದನ್ನು ಸೋಮಾರಿತನವೆಂದು ಯಾರು ಕರೆದಾರು?

ಇಂಥವರ ಕೈಯಲ್ಲಿರುವ ಮೊಬೈಲಿಗೂ ‘ಕಂತಿನಲ್ಲಿ ಕೊಡಿ, ತೂಕ ಇಳಿಸಿಕೊಳ್ಳಿ’ ಎಂಬ ಜಾಹೀರಾತು ಬರುತ್ತದೆ. ಆದುದರಿಂದ ವಿಷಯವನ್ನು ತಿಳಿದುಕೊಳ್ಳುವುದು ಅಗತ್ಯ.

ಶಸ್ತ್ರಕ್ರಿಯೆಯಲ್ಲಿ ಎರಡು ಬಗೆ, ಅವನ್ನು ಬೆರೆಸಬಾರದು. ಒಂದು, ಚರ್ಮದಡಿಯ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವುದು. ಇದು ಆಕಾರ ತಿದ್ದುವ ಕೆಲಸವೇ ಹೊರತು ಸ್ಥೂಲತೆಗೆ ಚಿಕಿತ್ಸೆಯಲ್ಲ. ಸಕ್ಕರೆ ಕಾಯಿಲೆ ಇದರಿಂದ ಗುಣವಾಗದು. ಇನ್ನೊಂದು, ಜಠರವನ್ನೇ ಕಿರಿದು ಮಾಡುವುದು. ಇದರ ಸಾಮಾನ್ಯ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ತೆಗೆದುದನ್ನು ಮತ್ತೆ ಸೇರಿಸಲಾಗದು. ಹೊಲಿಗೆ ಸೋರುವುದು, ರಕ್ತಸ್ರಾವ, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಸರಿಯುವುದು ಇದರ ಅಪಾಯಗಳು. ಅನುಭವಿ ಕೈಗಳಲ್ಲಿ ಸಾವು ಸಾವಿರಕ್ಕೆ ಒಂದೆರಡರ ಆಸುಪಾಸು. ಬದುಕಿದವರಿಗೂ ಕಬ್ಬಿಣ, ಸುಣ್ಣದಂಶ, ಬಿ12 ಜೀವಸತ್ವದ ಗುಳಿಗೆ ಮತ್ತು ರಕ್ತಪರೀಕ್ಷೆ ಜೀವಮಾನವಿಡೀ ಬೇಕು. ಈಗಾಗಲೇ ರಕ್ತಹೀನತೆಯಿಂದ ಬಳಲುವ ಹೆಂಗಸಿಗೆ ಇದು ಸಣ್ಣ ಮಾತಲ್ಲ.

ಹಾಗೆಂದು ಈ ಶಸ್ತ್ರಕ್ರಿಯೆಯೇ ಮೋಸವೆಂದು ನಾವು ಹೇಳುವುದಿಲ್ಲ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೀರ್ಘ ಅಧ್ಯಯನದಲ್ಲಿ, ಅತಿ ಸ್ಥೂಲಕಾಯದವರ ಪೈಕಿ ಜಠರದ ಶಸ್ತ್ರಕ್ರಿಯೆ ಮಾಡಿಸಿಕೊಂಡವರಲ್ಲಿ ಸಾವು ಕಡಿಮೆಯೆಂದು ಕಂಡುಬಂತು. ಬೇಕಾದವರಿಗೆ ಅದು ಬೇಕು. ಆದರೆ ಯಾರಿಗೆ ಬೇಕು? ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕೆಯೇ ವೈದ್ಯರ ಅಳತೆಗೋಲು. ಈ ಶಸ್ತ್ರಕ್ರಿಯೆ ಮಾಡುವ ವೈದ್ಯರ ಅಮೆರಿಕದ ಸಂಘ ಮತ್ತು ಅಂತರರಾಷ್ಟ್ರೀಯ ಸಂಘ 2022ರಲ್ಲಿ ಏಷ್ಯಾದವರಿಗೆ ಈ ಅಂಕೆ 27.5 ದಾಟಿದಲ್ಲಿ ಶಸ್ತ್ರಕ್ರಿಯೆಯ ಅವಕಾಶ ಕೊಡಬೇಕೆಂದಿವೆ. ಲೆಕ್ಕ ಹಾಕಿ ನೋಡಿ: ಐದಡಿ ಎತ್ತರದ ಹೆಂಗಸಿಗೆ 64 ಕಿಲೋ! ಅವಕಾಶ ಕೊಡುವುದು ಬೇರೆ, ಮಾಡಿಸಿಕೊಳ್ಳಲೇಬೇಕೆಂಬುದು ಬೇರೆ. ಆದರೆ ವ್ಯಾಪಾರಿಯ ಕೈಗೆ ಈ ಅಂಕೆ ಸಿಕ್ಕಿದರೆ ನಮ್ಮ ಓಣಿಯ ಅರ್ಧ ಜನ ಅವನ ಗಿರಾಕಿಗಳೇ.

ಕತ್ತಿಯಿಲ್ಲದ ದಾರಿ ಇದೆಯೇ? ಇದೆ. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಿಗೆ ಆಹಾರ ತಿದ್ದಿ, ವಾರಕ್ಕೆ 150 ನಿಮಿಷ ನಡೆಯುವಷ್ಟು ವ್ಯಾಯಾಮ ಹೇಳಿ, ತೂಕದಲ್ಲಿ ನೂರಕ್ಕೆ 7ರಷ್ಟು ಇಳಿಸುವ ಗುರಿ ಇಟ್ಟರು. ಕಾಯಿಲೆ ಬರುವುದು ನೂರಕ್ಕೆ 58ರಷ್ಟು ತಗ್ಗಿತು. ಮಾತ್ರೆ ಕೊಟ್ಟವರಲ್ಲಿ ತಗ್ಗಿದ್ದು 31 ಮಾತ್ರ. ಗಮನಿಸಿ, 70 ಕಿಲೋದವರು ಐದು ಕಿಲೋ ಇಳಿದರೆ ಈ ಗುರಿ ಮುಟ್ಟಿದಂತೆ. ವಾರಕ್ಕೆ ಐದು ದಿನ ಅರ್ಧ ಗಂಟೆಯ ನಡಿಗೆ. ಅನ್ನ ಒಂದು ಸೌಟು ಕಡಿಮೆ, ಹುರುಳಿ, ಹೆಸರು, ಬಸಳೆ, ಹರಿವೆ ಒಂದು ಸೌಟು ಹೆಚ್ಚು. ಹೊಸ ಚುಚ್ಚುಮದ್ದುಗಳೂ ಬಂದಿವೆ, ತೂಕ ಇಳಿಸುವುದೂ ನಿಜ. ಆದರೆ ಸೆಮಾಗ್ಲುಟೈಡ್ ಎಂಬ ಮದ್ದನ್ನು ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ವರ್ಷದೊಳಗೆ ಮರಳಿತೆಂದು ಅಧ್ಯಯನವೇ ಹೇಳಿದೆ.

ನಮ್ಮ ಧರ್ಮಸ್ಥಳದ ಬಳಿಯಲ್ಲೇ ಶಾಂತಿವನದ ಪ್ರಕೃತಿ ಚಿಕಿತ್ಸಾ ಆಸ್ಪತ್ರೆ ಇದೆ. ಉಜಿರೆಯಲ್ಲಿ 1989ರಿಂದ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಕಾಲೇಜೂ ಇದೆ. ದೂರದೂರದವರು ಬಂದು ಉಳಿದು, ಪಥ್ಯ, ಯೋಗ, ನಡಿಗೆ ಕಲಿತು ಹೋಗುತ್ತಾರೆ. ಆದರೆ ದಿನಗೂಲಿಯವರು ಹತ್ತು ದಿನ ಕೆಲಸ ಬಿಟ್ಟು ಎಲ್ಲಿಯೇ ಆಗಲಿ ಉಳಿಯಲಾರರು. ಉಳಿದರೂ, ಹಿಂದಿರುಗುವುದು ಅದೇ ಬೀಡಿಯ ಗೆರಸೆಯ ಮುಂದಕ್ಕೆ. ಹತ್ತು ದಿನದಲ್ಲಿ ಕಲಿತದ್ದು ವರ್ಷವಿಡೀ ನಡೆಯಬೇಕಾದರೆ ಅದು ಊರಿನಲ್ಲೇ ಸಿಗಬೇಕು.

ಆದುದರಿಂದ ನಮ್ಮ ಒತ್ತಾಯ ಇಷ್ಟು:

ಒಂದು, ಬೆಳ್ತಂಗಡಿ ಮತ್ತು ಬಂಟ್ವಾಳದ ತಾಲೂಕು ಆಸ್ಪತ್ರೆಗಳಲ್ಲಿ, ಮೂಡುಬಿದಿರೆಯ ಸಮುದಾಯ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ಗೊತ್ತಾದ ದಿನ ತೂಕ, ಸಕ್ಕರೆ, ರಕ್ತ ಪರೀಕ್ಷಿಸಿ, ಪಥ್ಯ ಹೇಳಿಕೊಡುವವರು ಕುಳಿತಿರಬೇಕು.

ಎರಡು, ಪಡಿತರವೆಂದರೆ ಅಕ್ಕಿಯೊಂದೇ ಆಗದೆ ಬೇಳೆಕಾಳೂ ಖಾಯಂ ಆಗಿ ಇರಬೇಕು.

ಮೂರು, ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯಿದೆಯಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವು, ಬೊಜ್ಜು ತೆಗೆಯುವ ಪ್ರತಿಯೊಂದು ಸಂಸ್ಥೆಯಲ್ಲಿ ಅರಿವಳಿಕೆ ತಜ್ಞರಿದ್ದಾರೆಯೇ, ತೀವ್ರ ನಿಗಾ ಘಟಕವಿದೆಯೇ, ದರಪಟ್ಟಿ ತೂಗುಹಾಕಿದೆಯೇ ಎಂದು ನೋಡಬೇಕು.

ನಾಲ್ಕು, ಅಪಾಯಗಳನ್ನು ಕನ್ನಡದಲ್ಲಿ ಬರೆದು, ಓದಿ ಹೇಳಿ, ಯೋಚಿಸಲು ದಿನ ಕೊಟ್ಟ ನಂತರವೇ ರೋಗಿಯ ಸಹಿ ಪಡೆಯಬೇಕು.

ಅಷ್ಟರವರೆಗೆ ವಾಚಕರಲ್ಲಿ ನಮ್ಮದೊಂದು ಬಿನ್ನಹ. ಜಾಹೀರಾತು ನೋಡಿ ಬಂಗಾರ ಅಡವಿಡುವ ಮೊದಲು ಆ ಚಿಕಿತ್ಸಾಲಯದಿಂದ ಲಾಭವಿಲ್ಲದ ಇನ್ನೊಬ್ಬ ವೈದ್ಯರನ್ನು ಕೇಳಿರಿ. ಮನೆಯವರಿಗೆ ತಿಳಿಸಿರಿ. ಮೈ ಭಾರವಾದವರನ್ನು ಗೇಲಿ ಮಾಡುವುದನ್ನು ನಾವೆಲ್ಲರೂ ಬಿಡೋಣ. ಆ ಗೇಲಿಗೆ ಹೆದರಿಯೇ ಎಷ್ಟೋ ಹುಡುಗಿಯರು ಯಾರಿಗೂ ಹೇಳದೆ ಕತ್ತಿಯ ಕೆಳಗೆ ಮಲಗುತ್ತಾರೆ.